ಮಾವನ ಮೂರು ಸ್ಯಾಂಪಲ್ಲು

ನಮ್ಮ ಸೋದರಮಾವನಿಗೆ ಜಗತ್ತೆಲ್ಲ ಒಂದು ಗೋವಿನಜೋಳದ ಚೀಲ! ಹಿರೇಕೆರೂರಿನಲ್ಲಿ ಅವರದು ಅದೇ ವ್ಯಾಪಾರ. ಚೀಲದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಚುಚ್ಚಿ ಕಾಳು ತೆಗೆದು ನೋಡದೆ ಯಾವ ಮಾಲನ್ನೂ ನಂಬಿದವರಲ್ಲ. ಮನೆಯಲ್ಲಿ ಉಪ್ಪಿಟ್ಟಿನ ಪಾತ್ರೆಗೂ ಇದೇ ಗತಿ. ಅವರು ಮೂರು ಕಡೆ ರುಚಿ ನೋಡಿದ ಮೇಲೆ ನಮಗೆ ಉಳಿಯುವುದೆಷ್ಟು, ನೀವೇ ಹೇಳಿ?

ಇಂಥವರು ಹೋದ ಮಳೆಗಾಲದಲ್ಲಿ ಜ್ವರ ಹೊತ್ತುಕೊಂಡು, ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿಗೇ ಬಂದರು. ಹಿಂದೆಲ್ಲ ರಕ್ತ ಬಸ್ಸು ಹತ್ತಿ ಹಾವೇರಿಗೆ ಹೋಗುತ್ತಿತ್ತು. ವರದಿ ಮರಳುವಷ್ಟರಲ್ಲಿ ರೋಗಿ ಗುಣವಾಗಿ ಸಂತೆಗೆ ಹೋಗಿರುತ್ತಿದ್ದ! ಈಗ ಬೆರಳುದ್ದದ ಕಾರ್ಡು, ಒಂದು ಹನಿ ರಕ್ತ, ಹದಿನೈದು ನಿಮಿಷ. ಎರಡು ಗೆರೆ ಬಂದರೆ ಡೆಂಗಿ, ಒಂದೇ ಬಂದರೆ ಇಲ್ಲ.

"ಜಡ್ಡಿಲ್ಲಂದ್ರೂ ಒಂದು ಗೆರಿ ಯಾಕ ಬರ್ತೈತಿ?"

"ಕಾರ್ಡು ಸರಿ ಐತಿ ಅಂತ ತೋರ್ಸಾಕ್ರಿ ಮಾವಾ."

"ಭಲೇ! ತನ್ನ ತಾನ ಪರೀಕ್ಷಾ ಮಾಡ್ಕೊಳ್ಳೋ ತಕ್ಕಡಿ!" ಎಂದು ಮೆಚ್ಚಿದವರು ಮರುಕ್ಷಣವೇ ಹುಬ್ಬು ಗಂಟಿಕ್ಕಿದರು. "ಆದ್ರ ಒಂದ ಬೆರಳಾಗ ಏನ್ ತಿಳೀತೈತಿ? ಮೂರು ಸ್ಯಾಂಪಲ್ ತಗೀಬೇಕವಾ."

"ಹಂಗಾರ ಇನ್ನೆರಡು ಬೆರಳು ಕೊಡ್ರಿ," ಎಂದು ಸೂಜಿ ಎತ್ತಿದೆ.

ಮಾವನ ಮುಷ್ಟಿ ಬಿಗಿಯಾಯಿತು. "ಬ್ಯಾಡ ಬ್ಯಾಡ! ನೀ ಮನೀ ಮಗಳು. ನಿನ್ನ ಮ್ಯಾಲ ವಿಶ್ವಾಸ ಐತಿ!"

ಅವರದು ಸಾದಾ ಜ್ವರ. ಆದರೂ ಚುಚ್ಚಿಸಿಕೊಂಡ ಬೆರಳಿಗೆ ಬಟ್ಟೆ ಸುತ್ತಿಕೊಂಡು ವಾರವಿಡೀ ಅಂಗಡಿಯಲ್ಲಿ ಕುಳಿತಿದ್ದರು.

ಈ ವರ್ಷ ಅವರ ಓಣಿಯಲ್ಲಿ ಇಬ್ಬರಿಗೆ ಡೆಂಗಿ ಬಂದ ವಾರವೇ ಅತ್ತೆಗೂ ಜ್ವರ. ಮಾವ ಕೈಹಿಡಿದು ಕರೆತಂದರು. ಹದಿನೈದು ನಿಮಿಷ ಮೇಜು ಬಿಟ್ಟು ಕದಲಲಿಲ್ಲ. ಕಾರ್ಡಿನ ಮೇಲೇ ಕಣ್ಣು. ಬಂದದ್ದು ಒಂದೇ ಗೆರೆ.

"ಡೆಂಗಿ ಇಲ್ರಿ ಮಾವಾ. ಜ್ವರ ಇಳೀಲಿಲ್ಲಂದ್ರ ನಾಡಿದ್ದು ಮತ್ತೊಮ್ಮೆ ನೋಡೂಣು ಅಂದಾರ ಡಾಕ್ಟರು."

"ಮತ್ತ ಚುಚ್ಚತೀಯೇನು ಆಕೀಗೆ?" ಮಾವನ ಧ್ವನಿ ಸಣ್ಣದಾಗಿತ್ತು. ಕಣ್ಣು ಬಿಗಿಯಾಗಿ ಮುಚ್ಚಿ, ಎರಡು ಬೆರಳು ನನ್ನೆದುರು ಚಾಚಿದರು. "ಉಳದ ಎರಡು ಸ್ಯಾಂಪಲ್ ಇದ್ರಾಗ ತಗೋವಾ. ಮೂವತ್ತು ವರ್ಷ ಆತು, ಒಂದ ಗೋದಾಮಿನ ಮಾಲು ನಾವು."

"ಏನ್ ಮಾತ್ರೀ ಇವು! ಮಂದಿ ನೋಡಾಕತ್ತಾರ," ಎಂದು ಅತ್ತೆ ಸೆರಗಿನಲ್ಲಿ ಮುಖ ಮರೆಸಿಕೊಂಡರು.

ನಾನು ಸೂಜಿಯನ್ನು ಮುಟ್ಟಲಿಲ್ಲ. ಒದ್ದೆ ಹತ್ತಿಯನ್ನಷ್ಟೇ ಆ ಬೆರಳುಗಳಿಗೆ ಒಂದೊಂದಾಗಿ ಒತ್ತಿ, "ಆತ್ರಿ," ಎಂದೆ.

ಮಾವ ಕಣ್ಣು ಬಿಡದೆಯೇ ಅತ್ತೆಯ ಕಡೆ ಹೊರಳಿದರು. "ನೋಡಿದಿ? ಒಂಚೂರೂ ನೋವಾಗಂಗಿಲ್ಲ."