ಕಲ್ಲು ನೆಕ್ಕುವ ಮಾವನ ಸುರಂಗ

ನನ್ನ ಸೋದರಮಾವ ಕಲ್ಲು ನೆಕ್ಕುತ್ತಾರೆ. ಗುಟ್ಟಾಗಿ ಅಲ್ಲ, ನಾಲ್ಕು ಜನರ ಮುಂದೆ, ಉಪ್ಪಿನಕಾಯಿಯ ಉಪ್ಪು ನೋಡುವ ಗಾಂಭೀರ್ಯದಲ್ಲಿ! ನೆಕ್ಕಿ, ಕಣ್ಣು ಮುಚ್ಚಿ, "ಕಬ್ಬಿಣ ಉಂಟು" ಎಂದೋ "ಬರೇ ಮಣ್ಣು" ಎಂದೋ ತೀರ್ಪು ಕೊಡುತ್ತಾರೆ. ಜೊತೆಗೆ, ಹಳೆಯ ರೇಡಿಯೋದಿಂದ ಕಿತ್ತ ಅಯಸ್ಕಾಂತವೊಂದು ಸದಾ ಅಂಗಿಯ ಜೇಬಿನಲ್ಲಿ. ಅತ್ತೆಯ ಹೇರ್‌ಪಿನ್ನು ಕಾಣೆಯಾದರೆ ಮನೆಯವರು ಮೊದಲು ತಡಕುವುದು ಆ ಜೇಬನ್ನೇ.

ಒಮ್ಮೆ ನನಗೆ ಸಂಬಂಧ ನೋಡಲು ನಮ್ಮವರು ಪೆರಾಬೆಗೆ ಹೋದರು. ಹಿರಿಯರೆಂದು ಮಾವನನ್ನೂ ಕರೆದೊಯ್ದರು. ಜ್ವರವೆಂದು ಮನೆಯಲ್ಲೇ ಉಳಿದಿದ್ದ ಅಮ್ಮ, ಅವರು ಮರಳಿದ ಕೂಡಲೇ ಕೇಳಿದರು:

"ಹುಡುಗ ಹೇಗಿದ್ದಾನಣ್ಣ?"

"ಮೆಟ್ಟಿಲಿನ ಕಲ್ಲು ಭಾರೀ ಒಳ್ಳೇದುಂಟು."

"ಮುಖ ಹೇಗುಂಟು ಅಂತ ಕೇಳಿದ್ದು ಮಾರಾಯ್ರೆ!"

"ಯಾರ ಮುಖ?"

ಆ ಸಂಬಂಧ ಅಲ್ಲಿಗೇ ನಿಂತಿತು. ಮೆಟ್ಟಿಲು ನೆಕ್ಕುವ ವಂಶಕ್ಕೆ ಯಾರು ತಾನೇ ಮಗನನ್ನು ಕೊಟ್ಟಾರು?

ಇಂಥ ಮಾವನ ಜೀವಮಾನದ ಹಟ ಒಂದು ಬಿಲ. ನಮ್ಮ ಕಡೆ ಗುಡ್ಡದೊಳಕ್ಕೆ ಸುರಂಗ ಕೊರೆದು ನೀರು ತರುವುದು ಹಳೆಯ ಕ್ರಮ. ಗುತ್ತಿಗಾರಿನಾಚೆಯ ಗುಡ್ಡದಲ್ಲಿರುವ ಈ ಬಿಲವೂ ಹಾಗೆಯೇ, ನೀರು ಸಿಗದೆ ಬಿಟ್ಟುಹೋದ ಸುರಂಗ ಎಂಬುದು ಊರಿನವರ ನಂಬಿಕೆ. ಮಾವ ಒಪ್ಪಬೇಕಲ್ಲ! "ನೀರಿನ ಸುರಂಗ ಒಳಗಿಂದ ಹೊರಗೆ ಇಳೀಬೇಕು. ಇದು ಒಳಕ್ಕೇ ಇಳೀತದೆ. ನೀರನ್ನು ವಾಪಸು ಕಳಿಸ್ಲಿಕ್ಕೆ ಯಾರಾದ್ರೂ ಗುಡ್ಡ ಕೊರೀತಾರಾ? ಇದು ಕಬ್ಬಿಣದ ಗಣಿ."

ಕಳೆದ ಬೇಸಿಗೆಯಲ್ಲಿ, ಸಾಕ್ಷಿಗೆ ಫೋಟೊ ಬೇಕೆಂದು ನನ್ನನ್ನು ಹೊರಡಿಸಿದರು.

"ಆನೆ ಬಂದ್ರೆ ಮಾವ?"

"ನನ್ನ ಹಾಗೆ ಆನೆಗೆ ಕಲ್ಲಿನ ಮರ್ಲು ಇಲ್ಲ. ಬಾ."

ಬಿಲದ ಬಾಯಿಯಲ್ಲಿ ಮಾವ ಮೇಣದಬತ್ತಿ ಹಚ್ಚಿದರು. ಸುರಂಗ ತೋಡುವವರ ಕಟ್ಟಳೆಯಂತೆ: ಬತ್ತಿ ಮುಂದೆ, ಮನುಷ್ಯ ಹಿಂದೆ. ಬತ್ತಿ ಆರಿದರೆ ಮಾತಿಲ್ಲದೆ ತಿರುಗಬೇಕು. ನಾನು ಮೊಬೈಲಿನ ಟಾರ್ಚು ಬೆಳಗಿಸಿ ನಕ್ಕೆ.

ಆದರೆ ಇಪ್ಪತ್ತು ಹೆಜ್ಜೆ ಇಳಿಯುವಷ್ಟರಲ್ಲಿ ನಗು ನಿಂತಿತು. ಎರಡೂ ಕಡೆ ಗೋಡೆಯ ಮೇಲೆ ಕಪ್ಪು, ಕೆಂಪು, ಮತ್ತೆ ಕಪ್ಪು ಪಟ್ಟೆಗಳು. ಮಾವ ಅಯಸ್ಕಾಂತವನ್ನು ಕಪ್ಪು ಪಟ್ಟೆಯ ಹತ್ತಿರ ಒಯ್ದರು. ಟಕ್ ಎಂದು ಕಚ್ಚಿಕೊಂಡಿತು! "ಇದು ಸಮುದ್ರದ ಅಡಿಯಲ್ಲಿ ಪದರ ಪದರವಾಗಿ ಕೂತದ್ದು ಮಾರಾಯ್ತಿ. ಆಗ ಮೀನೇ ಇರ್ಲಿಲ್ಲ."

"ಮೀನಿಲ್ಲದ ಸಮುದ್ರವಾ! ಮತ್ತೆ ಊಟಕ್ಕೆ ಎಂತ?"

"ಊಟ ಮಾಡುವವರೂ ಇರ್ಲಿಲ್ಲ."

ಮೈ ಜುಮ್ಮೆಂದಿತು. ಗೋಡೆಯ ತುಂಬ ಉಳಿಯ ಏಟುಗಳು, ನಿನ್ನೆ ಹೊಡೆದಷ್ಟು ಸ್ಪಷ್ಟ. ಎದೆಯ ಮಟ್ಟದಲ್ಲಿ ದೀಪ ಇಡಲು ಕೆತ್ತಿದ ಒಂದು ಗೂಡು. ಒಳಗೆ ಬೆರಳಾಡಿಸಿದೆ, ಮಸಿ ಹತ್ತಿತು. ಇಲ್ಲಿ ಕುಳಿತು ಕಲ್ಲು ಕಡಿದವರ ಒಂದು ಹೆಸರೂ ಊರಿನಲ್ಲಿ ಉಳಿದಿಲ್ಲ. ಅವರ ದೀಪದ ಮಸಿ ಮಾತ್ರ ನನ್ನ ಬೆರಳ ತುದಿಯಲ್ಲಿ!

ಅಲ್ಲಿಂದ ಮುಂದೆ ನೆಲ ಕಡಿದಾಗಿ ಇಳಿಯುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟೆವೋ ಇಲ್ಲವೋ, ಮಾವನ ಬತ್ತಿ ಕುಗ್ಗಿ ಆರಿತು.

"ತಿರುಗು," ಎಂದರು.

"ಎಂಬತ್ತು ಪರ್ಸೆಂಟ್ ಬ್ಯಾಟರಿ ಉಂಟು ಮಾವ! ಕೆಳಗಿನ ಪಟ್ಟೆಯ ಒಂದು ಫೋಟೊ..." ಎನ್ನುತ್ತ ಅವರನ್ನು ದಾಟಿ ಬಗ್ಗಿದೆ.

ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ತಂಗುತ್ತದೆ, ಉರಿ ಆರಿಸುತ್ತದೆ ಎಂದು ಡಿಗ್ರಿ ಪರೀಕ್ಷೆಯಲ್ಲಿ ಬರೆದು ಮಾರ್ಕು ಗಿಟ್ಟಿಸಿದವಳು ನಾನು. ಬತ್ತಿ ಹೇಳಿದ ಸುದ್ದಿಯನ್ನು ಬ್ಯಾಟರಿ ಹೇಳುವುದಿಲ್ಲ ಎಂದು ಆಗ ಹೊಳೆಯಲಿಲ್ಲ. ಎರಡು ಉಸಿರು ಎಳೆದೆ. ಗೋಡೆ ಹಿಡಿಯಲು ಕೈ ಚಾಚಿದೆ. ಟಾರ್ಚು ಜೋರಾಗಿ ಉರಿಯುತ್ತಲೇ ಇತ್ತು, ಕಣ್ಣಿಗೆ ಮಾತ್ರ ಕತ್ತಲೆ.

ಜಡೆಯನ್ನು ಯಾರೋ ಹಿಡಿದು ಎಳೆದರು. ಆಮೇಲೆ ತೋಳು. ಕಲ್ಲಿಗೆ ಭುಜ ಉಜ್ಜಿ, ಮಂಡಿ ತರಚಿ, ಮೇಲಕ್ಕೆ, ಇನ್ನೂ ಮೇಲಕ್ಕೆ. ಇಡೀ ದಾರಿ ಮಾವ ಒಂದು ಮಾತೂ ಆಡಲಿಲ್ಲ. ಕಲ್ಲು ಕಂಡರೆ ಬಾಯಿ ನಿಲ್ಲದ ಮಾವ! ಉಸಿರು ಬಿಗಿಹಿಡಿದಿದ್ದರು ಎಂದು ಆಮೇಲೆ ತಿಳಿಯಿತು. ಆ ಮೌನ ಈಗಲೂ ಸ್ನಾನದ ಮನೆಯ ಬಾಗಿಲು ಹಾಕಿಕೊಂಡರೆ ನನ್ನ ಕಿವಿಗೆ ಕೇಳಿಸುತ್ತದೆ.

ಕಣ್ಣು ಬಿಟ್ಟಾಗ ಬಿಲದ ಹೊರಗೆ, ಒಣ ಎಲೆಗಳ ಮೇಲೆ ಮಲಗಿದ್ದೆ. ಸುಡುಬಿಸಿಲು. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೆಂಕಿಕಡ್ಡಿ ಗೀರುತ್ತಿದ್ದರು. ಮೂರು ಕಡ್ಡಿ ಮುರಿದವು. ನಾಲ್ಕನೆಯದು ಹತ್ತಿತು.

"ಈ ಬಿಸಿಲಿಗೆ ದೀಪ ಎಂತಕ್ಕೆ ಮಾವ?" ಎಂದು ಕೇಳಲು ಬಾಯಿ ತೆರೆದೆ.

ಅವರು ಬತ್ತಿಯನ್ನು ನನ್ನ ಮೂಗಿನ ಹತ್ತಿರ ತಂದು, ಗಾಳಿ ತಾಗದಂತೆ ಅಂಗೈ ಅಡ್ಡ ಹಿಡಿದರು. ಯಾರ ಮುಖವನ್ನೂ ನೋಡದ ಮಾವ ರೆಪ್ಪೆ ಬಡಿಯದೆ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಉಸಿರಿಗೆ ಉರಿ ಆಚೆ ಬಾಗಿತು, ನೆಟ್ಟಗಾಯಿತು. ಮತ್ತೆ ಬಾಗಿತು.

"ಇನ್ನೊಮ್ಮೆ ಬಿಡು ಮಗಳೇ," ಎಂದರು ಮಾವ. "ಇನ್ನೊಮ್ಮೆ."