ಮಗಳಿಗೆ ಮಾತು ಕಲಿಸಿದ ಬಲ್ಬಿನ ಮೇಲೊಂದು ದೂರು

ವಿಜ್ಞಾನ ಬೋಧನೆಯ ಉಪನ್ಯಾಸಕಿಯವರ ಸನ್ನಿಧಾನಕ್ಕೆ, ತಮ್ಮ ಶಿಕ್ಷಕರ ತರಬೇತಿ ಕಾಲೇಜಿನ ಎದುರು ಅಂಗಡಿ ಇಟ್ಟಿರುವ ದರ್ಜಿಯು ಕತ್ತರಿ ಬದಿಗಿಟ್ಟು, ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು.

ಮಾನ್ಯರೇ, ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ.

ತಮ್ಮ ಕೈಗೆ ಒಪ್ಪಿಸುವಾಗ ನನ್ನ ಮಗಳು ಎಂಥ ಮಿತಭಾಷಿಯಾಗಿದ್ದಳೆಂದರೆ, ಗಿರಾಕಿಗಳು ಅವಳೊಡನೆ ಕೈಸನ್ನೆಯಲ್ಲೇ ವ್ಯವಹರಿಸುತ್ತಿದ್ದರು. ಶಾಲೆಯಲ್ಲಿ ಮೊದಲ ಅಭ್ಯಾಸಪಾಠ ಮಾಡಿದ ದಿನ ಅರ್ಧ ಗಂಟೆ ಮಕ್ಕಳಿಗೆ ಬೆನ್ನು ಹಾಕಿ, ವಿದ್ಯುತ್ತಿನ ಪಾಠವನ್ನೆಲ್ಲ ಬೋರ್ಡಿನ ಮೇಲೆ ಬರೆದು ಮುಗಿಸಿ, ಮನೆಗೆ ಬಂದು, "ಅಪ್ಪ, ನನ್ನ ಕೈಲಿ ಆಗಲ್ಲ, ಬಿಟ್ಟುಬಿಡ್ತೀನಿ" ಎಂದಳು. ನಾನು ಸಮಾಧಾನ ಹೇಳಿದೆನಾದರೂ, ಸುಳ್ಳೇಕೆ, ಅವಳಿಗಿರಲೆಂದು ಅಂಗಡಿಯ ಎರಡನೆಯ ಹೊಲಿಗೆ ಯಂತ್ರಕ್ಕೆ ಎಣ್ಣೆಯನ್ನೂ ಬಿಟ್ಟಿಟ್ಟೆ.

ಅಷ್ಟರಲ್ಲಿ ತಾವು ಅಡ್ಡ ಬಂದಿರಿ. ಧೈರ್ಯ ತುಂಬುವ ಭಾಷಣ ಮಾಡಿದ್ದರೆ ಅವಳು ತಲೆಯಾಡಿಸಿ ಮರೆಯುತ್ತಿದ್ದಳು. ತಾವು ಒಂದು ಬಲ್ಬು, ಒಂದು ಸೆಲ್ಲು, ಎರಡು ತುಂಡು ವೈರು ಕೊಟ್ಟು, ಯಾರನ್ನಾದರೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಅವರ ಕೈ ನೋಡದೆ, ಬರೀ ಮಾತಿನಿಂದಲೇ ಅವರ ಕೈಲಿ ಬಲ್ಬು ಹತ್ತಿಸಬೇಕೆಂದು ಅಪ್ಪಣೆ ಕೊಡಿಸಿದಿರಿ. ಮನೆಯಲ್ಲಿ ಸಿಕ್ಕಿಬಿದ್ದವನು ನಾನೇ.

"ಅಪ್ಪ, ಅದನ್ನ ಅದಕ್ಕೆ ಹಿಡೀರಿ."

"ಯಾವುದನ್ನ ಯಾವುದಕ್ಕಮ್ಮಾ?"

"ಅದೇ ಅಪ್ಪ, ಅದನ್ನ!"

ಮೂರು ದಿನ ಹೀಗೇ ನಡೆದು ನನಗೆ ಬೆನ್ನುನೋವು ಬಂತೇ ಹೊರತು ಬೆಳಕು ಬರಲಿಲ್ಲ. ನಾಲ್ಕನೆಯ ದಿನ ಅವಳು "ಅಪ್ಪ, ನಿಮ್ಮ ಕೈಯಲ್ಲಿ ಈಗ ಏನೇನಿದೆ, ಹೇಳಿ" ಎಂದು ಕೇಳಿ ಉತ್ತರಕ್ಕಾಗಿ ಕಾದಳು. ಇಪ್ಪತ್ತೆರಡು ವರ್ಷಗಳಲ್ಲಿ ಮಗಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು, ಮಾನ್ಯರೇ. ಇದ್ದುದನ್ನು ಹೇಳಿದೆ, ಅವಳು ಒಂದೊಂದಾಗಿ ಜೋಡಿಸಲು ಹೇಳಿದಳು, ಬಲ್ಬು ಹತ್ತಿತು.

ಮರುವಾರದ ಪಾಠಕ್ಕೆ, ಯಾರೂ ಕೇಳದ ಸಮವಸ್ತ್ರದ ಗಂಟನ್ನು ನೆಪಕ್ಕೆ ಹೊತ್ತು ನಾನೂ ಶಾಲೆಯ ಕಿಟಕಿಯ ಬಳಿ ನಿಂತಿದ್ದೆ. ನಲವತ್ತು ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ಕೂಗಾಡುತ್ತಿದ್ದರು. ಕೊನೆಯ ಸಾಲಿನ ಪುಟ್ಟಿಯೊಬ್ಬಳು "ಟೀಚರ್, ನಮ್ದು ಹತ್ತಲೇ ಇಲ್ಲ" ಎಂದು ಮುಖ ಸಪ್ಪೆ ಮಾಡಿದಾಗ, ನನ್ನ ಮಗಳು ಅವಳ ಪಕ್ಕ ನೆಲದ ಮೇಲೆ ಕೂತು, "ಏನೇನು ಮಾಡಿದೆ ಹೇಳು ಪುಟ್ಟಿ, ನಾನು ಕೇಳ್ತೀನಿ" ಎಂದಳು. ಹೇಳುತ್ತ ಹೇಳುತ್ತ ಪುಟ್ಟಿಗೇ ತಪ್ಪು ಹೊಳೆಯಿತು. ತಾವು ಹಿಂದಿನ ಬೆಂಚಿನಲ್ಲಿ ಏನೂ ಅರಿಯದವರಂತೆ ಅಂಕ ಬರೆಯುತ್ತಿದ್ದಿರಿ.

ಅವಳು ತೇರ್ಗಡೆಯಾದಳು, ನಾವು ಕೆಟ್ಟೆವು. ಈಗ ಗಿರಾಕಿ "ಸ್ವಲ್ಪ ಸಡಿಲ ಇರಲಿ" ಎಂದರೆ, "ಸ್ವಲ್ಪ ಅಂದ್ರೆ ಎಷ್ಟು? ತೋಳಲ್ಲೋ ಸೊಂಟದಲ್ಲೋ?" ಎಂದು ಅವಳಿಂದ ವಿಚಾರಣೆಯಾಗುತ್ತದೆ. ಬಟ್ಟೆ ಸರಿಯಾಗಿ ಬಂದು, ರಿಪೇರಿಗೆಂದು ಮರಳಿ ಬರುವವರೇ ಇಲ್ಲ. ಅವರೊಡನೆ ಹರಟುತ್ತಿದ್ದ ನನ್ನ ಸುಖವೇ ಹೋಯಿತು. ಅವಳಮ್ಮನಂತೂ "ಹದವಾಗಿ ಉಪ್ಪು ಹಾಕು" ಎಂದು ಬಾಯಿಬಿಟ್ಟು ಒಂದು ತಿಂಗಳಾಯಿತು.

ಆದಕಾರಣ, ಅವಳ ಹಳೆಯ ಮೌನವನ್ನು ವಾರಕ್ಕೊಂದು ದಿನದ ಮಟ್ಟಿಗಾದರೂ ಮರಳಿಸಬೇಕೆಂದೂ, ಅದು ಸಾಧ್ಯವಿಲ್ಲದಿದ್ದರೆ ನನ್ನನ್ನೂ ತಮ್ಮ ತರಗತಿಗೆ ಸೇರಿಸಿಕೊಳ್ಳಬೇಕೆಂದೂ ವಿನಂತಿ.

ವಾದದಲ್ಲಿ ದಿನವೂ ಸೋಲುತ್ತಿರುವ,
ತಮ್ಮ ವಿಶ್ವಾಸಿ,
ಎದುರಂಗಡಿಯ ದರ್ಜಿ

ತಾ.ಕ.: "ಸಂಬಂಧಪಟ್ಟವರು ಸೂಕ್ತ ಸಮಯದಲ್ಲಿ ಸೂಕ್ತ ಸ್ಥಳದಲ್ಲಿ ಹಾಜರಿರತಕ್ಕದ್ದು" ಎಂಬ ತಮ್ಮ ಪ್ರಾಂಶುಪಾಲರ ಸುತ್ತೋಲೆಯನ್ನು ಮಗಳು ಓದಿದ್ದಾಳೆ. ಮೂರು ಪ್ರಶ್ನೆ ಬರೆದುಕೊಂಡು ಈಗಷ್ಟೇ ರಸ್ತೆ ದಾಟಿದಳು. ಪ್ರಾಂಶುಪಾಲರಿಗೆ ಕೂತುಕೊಳ್ಳಲು ಹೇಳಿ.