ರುಮಾಲಿನೊಳಗಿನ ಕಿವಿ

ಕಿವಿ ಮಂದವಾದವನ ಮನೆಗೆ ನಗೆಪ್ರಸಂಗಗಳು ಕರೆಯದೆಯೇ ಬರುತ್ತವೆ. ನಗುವವರು ಮಾತ್ರ ಬೇರೆಯವರು. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗ ಬರೆಯುವಾಗಲೂ ಬರುತ್ತಿದೆ.

ನಯಾ ಪೈಸೆ ಬಂದ ಹೊಸತು. ಶಿಕಾರಿಪುರದ ಮಿಡ್ಲ್ ಸ್ಕೂಲಿನಲ್ಲಿ ನಾನು ಮೇಷ್ಟ್ರು. ಪಿಂಚಣಿಗೆ ಇನ್ನು ಮೂರೇ ವರ್ಷ. ಅಷ್ಟರಲ್ಲಿ ಎಡಗಿವಿ ಪೂರ್ತಿ ಕೈಕೊಟ್ಟಿತ್ತು, ಬಲಗಿವಿ ಮನಸ್ಸು ಬಂದಾಗ ಕೆಲಸ ಮಾಡುತ್ತಿತ್ತು. ಸೊರಬದ ಕಡೆಯ ಒಬ್ಬ ಮೇಷ್ಟ್ರಿಗೆ ಹೀಗೇ ಆಗಿ, ಇನ್‌ಸ್ಪೆಕ್ಟರು ಒಂದು ಸಾಲು ಬರೆದದ್ದಕ್ಕೆ ಅವರು ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಆದ್ದರಿಂದ ನನಗೆ ಕಿವಿಯ ಯಂತ್ರ ಬೇಕಿತ್ತು, ಆದರೆ ಅದು ಯಾರ ಕಣ್ಣಿಗೂ ಬೀಳಬಾರದಿತ್ತು.

ಚಿತ್ರದ ದೊರೆ

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದೆ. ಅಂಗಡಿಯವನು ಒಂದು ಪೆಟ್ಟಿಗೆಯನ್ನು ನನ್ನ ಎದೆಗೆ ಸಿಕ್ಕಿಸಿ, ಅದರಿಂದ ಹೊರಟ ತಂತಿಯ ತುದಿಯ ಗುಂಡಿಯನ್ನು ಬಲಗಿವಿಗೆ ತುರುಕಿದ. ಕೇಳಿಸಿತು, ನಿಜ. ಆದರೆ ಕನ್ನಡಿಯಲ್ಲಿ ನೋಡಿದರೆ ಮೂಗುದಾರ ತಪ್ಪಿ ಕಿವಿಗೆ ಬಿದ್ದ ಎತ್ತು ಕಂಡಿತು.

"ಕಾಣದೇ ಇರೋದು ತೋರಿಸ್ರೀ" ಅಂದೆ.

ಅವನು ಒಂದು ಬಣ್ಣದ ಪುಸ್ತಕ ಬಿಡಿಸಿದ. ಅದರಲ್ಲಿ ಕೋಟು ತೊಟ್ಟ ಒಬ್ಬ ಬಿಳಿ ದೊರೆ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಕಿವಿಯಲ್ಲಿ ಏನೂ ಕಾಣುತ್ತಿರಲಿಲ್ಲ.

"ನೋಡಿ ಸಾರ್, ಪೂರ್ತಿ ಕಿವಿ ಒಳಗೇ ಕೂರುತ್ತೆ. ಹಾಕಿರೋದೇ ಗೊತ್ತಾಗಲ್ಲ."

"ಇದನ್ನೇ ಕೊಡಿ."

"ಇದಿನ್ನೂ ನಮ್ಮ ದೇಶಕ್ಕೆ ಬಂದಿಲ್ಲ ಸಾರ್. ಅಲ್ಲೇ ಇನ್ನೂ ತಯಾರಾಗ್ತಾ ಇದೆಯಂತೆ."

"ತಯಾರೇ ಆಗಿಲ್ಲ ಅಂದ್ರೆ ಈ ಮನುಷ್ಯನ ಕಿವಿಗೆ ಹೆಂಗೆ ಹೋತು?"

ಅಂಗಡಿಯವನು ಚಿತ್ರವನ್ನು ಹತ್ತಿರ ಹಿಡಿದು ನೋಡಿ, ಸ್ವಲ್ಪವೂ ನಾಚದೆ ಹೇಳಿದ: "ಇವರು ಹಾಕಿರಲಿಕ್ಕಿಲ್ಲ ಸಾರ್. ಇವರ ಕಿವಿ ಚೆನ್ನಾಗೇ ಇದ್ದ ಹಾಗಿದೆ."

ತೂತಿನ ಕರಡಿಗೆ

ಕೊನೆಗೆ ಪೆಟ್ಟಿಗೆಯನ್ನೇ ತಂದೆ. ಗುಂಡಿ ಕಾಣದಂತೆ ತಲೆಯ ರುಮಾಲನ್ನು ಬಲಗಿವಿಯ ಮೇಲೆ ಎಳೆದು ಸುತ್ತಿದೆ. ಪೆಟ್ಟಿಗೆ ಅಂಗಿಯ ಒಳಗೆ ಹೋಯಿತು. ನಾವು ಲಿಂಗ ಕಟ್ಟುವ ಜನ. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಮೊದಲೇ ಇತ್ತು. ಈಗ ಅಂಗಿಯೊಳಗೆ ಎರಡು ಉಬ್ಬು. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ ನನ್ನ ಹೆಂಡತಿಯನ್ನು ಕೇಳಿದಳು: "ಅಕ್ಕಾ, ಮೇಷ್ಟ್ರು ಎರಡು ಲಿಂಗ ಕಟ್ಯಾರೇನ್ರೀ? ವೈರಾಗ್ಯ ಬಂದು ಉಡುತಡಿಗೆ ಹೋಗಿ ಕುಂತುಬಿಟ್ಟಾರು, ನೋಡ್ಕೋರಿ!"

ವೈರಾಗ್ಯ ಬರಲಿಲ್ಲ, ಸಿಟ್ಟು ಬಂತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಯಂತ್ರಕ್ಕೆ ಅಳತೆ ಕೊಟ್ಟು ದೊಡ್ಡದೊಂದು ಕರಡಿಗೆ ಮಾಡಿಸಿದೆ. ಅಕ್ಕಸಾಲಿಗ ಕೆಲಸದಲ್ಲಿ ಗಟ್ಟಿಗ. ಇರುವೆ ನುಸುಳದಂತೆ ಮುಚ್ಚಳ ಕೂರಿಸಿ ಏನೋ ಕೇಳಿದ. ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಯಂತ್ರ ಇಲ್ಲದಾಗ ಅರ್ಧವಾದರೂ ಕೇಳುತ್ತಿತ್ತು. ಈಗ ಗುಂಡಿ ಕಿವಿಯನ್ನು ಮುಚ್ಚಿತ್ತು, ಬೆಳ್ಳಿ ಯಂತ್ರವನ್ನು ಮುಚ್ಚಿತ್ತು. ನನ್ನ ಗುಟ್ಟು ನನ್ನಿಂದಲೇ ಮುಚ್ಚಿಹೋಗಿತ್ತು.

"ಆಚಾರ್ರೇ, ಮುಚ್ಚಳಕ್ಕೆ ತೂತು ಹೊಡೀರಿ!" ಎಂದು ಕೂಗಾಡಿದೆ. ಅವನು ಅದನ್ನು ಜರಡಿ ಮಾಡಿಕೊಟ್ಟ.

ಮರುವಾರ ಮನೆಗೆ ಬಂದ ಮಠದ ಅಯ್ಯನವರ ಕಣ್ಣಿಗೆ ಅದು ಬಿತ್ತು. "ಕರಡಿಗೆಗೆ ತೂತು ಯಾಕ್ರೀ ತಾಯಿ?" ಎಂದು ಹೆಂಡತಿಯನ್ನು ಕೇಳಿದರು.

ಆಕೆ ಪಾದಕ್ಕೆ ನೀರು ಕೊಡುತ್ತಲೇ ಹೇಳಿದಳು: "ಇವರ ಸಿಟ್ಟಿನ ಕಾವಿಗೆ ಒಳಗೆ ಸ್ವಾಮಿಗೂ ಸೆಕೆ ಆಗ್ತೈತ್ರೀ ಬುದ್ಧಿ. ಗಾಳಿ ಆಡ್ಲಿ ಅಂತ."

ಕುಪ್ಪಗಡ್ಡೆಯ ಊಟ

ಸೊರಬದ ಕುಪ್ಪಗಡ್ಡೆಯಲ್ಲಿ ಅಕ್ಕನ ಮನೆ. ಹೊಸ ಕೊಟ್ಟಿಗೆ ಕಟ್ಟಿಸಿದ್ದಕ್ಕೆ ಊಟ ಇತ್ತು. ಯಂತ್ರ ಹಾಕಿಕೊಂಡು ಮೊದಲ ಸಲ ಹತ್ತು ಜನರ ನಡುವೆ ಎಲೆಯ ಮುಂದೆ ಕೂತಿದ್ದೆ. ಪಕ್ಕದಲ್ಲಿದ್ದ ಭಾವ ನನ್ನ ಕಡೆ ಬಗ್ಗಿ, "ಸಾರು ಹಾಕಿಸ್ಕೋ ಮಾರಾಯಾ!" ಎಂದು ಎಂಥ ಕೂಗು ಕೂಗಿದರು ಅಂದರೆ, ಕಿವಿಯಲ್ಲಿ ಕಲ್ಲುಕ್ವಾರಿಯ ಸಿಡಿಮದ್ದು ಹಾರಿದಂತಾಯಿತು. ಕೈಯಲ್ಲಿದ್ದ ತುತ್ತು ಭಾವನ ಎಲೆಗೆ ಬಿತ್ತು.

"ಯಾಕೆ ಭಾವಾ ಹಿಂಗೆ ಕಿರುಚ್ತೀರಿ? ನನಗೇನು ಕಿವುಡಾ?"

ಎಲ್ಲರೂ ಎಲೆ ನೋಡತೊಡಗಿದರು. ಆಗ ದೂರದ ಕಂಬದ ಹತ್ತಿರ ಕೂತಿದ್ದ ನಮ್ಮ ಸೋದರತ್ತೆಯ ಪಿಸುಮಾತು, ಎಷ್ಟೋ ವರ್ಷಗಳ ಮೇಲೆ, ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು:

"ಸುಮ್ನಿರ್ರೇ. ಅವಂಗೆ ಕಿವಿ ಕೇಳಲ್ಲ ಅನ್ನೋದು ಅವನೊಬ್ಬಂಗೇ ಗೊತ್ತಿಲ್ಲ. ಯಾರೂ ಹೇಳ್ಬೇಡಿ, ನೊಂದ್ಕೊಳ್ತಾನೆ."

ಇನ್‌ಸ್ಪೆಕ್ಟರು

ಅಂದರೆ ಸೊರಬಕ್ಕೂ ಗೊತ್ತಿತ್ತು, ಶಿಕಾರಿಪುರಕ್ಕೂ ಗೊತ್ತಿತ್ತು. ಹಾಲಿನವಳು, ಕ್ಷೌರದವನು, ಹೆಡ್‌ಮಾಸ್ಟರು, ಎಲ್ಲರೂ ನನ್ನೆದುರು ಗಂಟಲು ಹರಿದುಕೊಳ್ಳುತ್ತಿದ್ದರು. ಮೆಲ್ಲಗೆ ಮಾತಾಡಿ ಅಂದರೆ ಯಂತ್ರದ ಗುಟ್ಟು ಬಯಲು. ಅನ್ನದಿದ್ದರೆ ತಲೆನೋವು. ಹಲ್ಲು ಕಚ್ಚಿಕೊಂಡು ಯಂತ್ರದ ದನಿಯ ತಿರುಪನ್ನು ಇಳಿಸಿಕೊಂಡೆ.

ಇಂಥ ದಿನಗಳಲ್ಲಿ ಇನ್‌ಸ್ಪೆಕ್ಟರು ಬಂದರು. ಬಲು ಮೆದು ಮಾತಿನವರು. ನಾನು ತಿರುಪನ್ನು ಪೂರ್ತಿ ಏರಿಸಿ, ದೇವರ ಮೇಲೆ ಭಾರ ಹಾಕಿ ನಿಂತೆ. ಅವರು ಮಕ್ಕಳನ್ನು ಕೇಳಿದರು: "ನಮ್ಮ ರಾಜ್ಯದ ರಾಜಧಾನಿ ಯಾವುದು?"

ಆ ಮಕ್ಕಳು ನನ್ನ ಕ್ಲಾಸಿನಲ್ಲಿ ಎರಡು ವರ್ಷ ಪಳಗಿದವರು. ನಲವತ್ತು ಜನರೂ ಒಟ್ಟಿಗೆ "ಬೆಂಗಳೂರು!" ಅಂದದ್ದು ಅಂಜನಾಪುರದ ಕೆರೆ ಕೋಡಿ ಬಿದ್ದ ಹಾಗಿತ್ತು. ನನಗೆ ಕಣ್ಣು ಕತ್ತಲೆ ಬಂತು. ಇನ್‌ಸ್ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದು, ಮುಂದಿನ ಬೆಂಚಿನ ಹುಡುಗಿಯ ಬಳಿ ಬಗ್ಗಿ ಹೆಸರು ಕೇಳಿದರು. ಅವಳು ಹೆಸರಿನ ಜೊತೆಗೆ ಅಪ್ಪನ ಹೆಸರನ್ನೂ ಅವರ ಮುಖಕ್ಕೇ ಕೂಗಿದಳು.

ಇನ್‌ಸ್ಪೆಕ್ಟರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಕಿವಿ ಮಂದ ಇದ್ದವರೇ ಹೀಗೆ ಗಟ್ಟಿಯಾಗಿ ಮಾತಾಡೋದು. ನಿಮ್ಮ ಮಕ್ಕಳಿಗೆಲ್ಲ ಏನೋ ತೊಂದರೆ ಇದೆ. ಪಾಪ, ಇವರ ಜೊತೆ ಹೇಗೆ ಏಗ್ತೀರೋ! ನಾಳೆಯೇ ಆಸ್ಪತ್ರೆಗೆ ಕರಕೊಂಡು ಹೋಗಿ ತೋರಿಸಿ."

ನಾನು ಮಕ್ಕಳ ಕಡೆ ನೋಡಿದೆ. ಒಬ್ಬ ಬಾಯಿ ಬಿಟ್ಟರೆ ಸಾಕಿತ್ತು, ನನ್ನ ಮೂರು ವರ್ಷ ಮುಗಿಯುತ್ತಿತ್ತು. ಒಬ್ಬರೂ ಬಿಡಲಿಲ್ಲ.

ಮರುದಿನ ನಲವತ್ತು ಮಕ್ಕಳೂ ಸಾಲಾಗಿ ಸರ್ಕಾರಿ ಆಸ್ಪತ್ರೆಗೆ ನಡೆದರು. ಡಾಕ್ಟರ ಕಣ್ಣಿಗೆ ಬೀಳಬಾರದೆಂದು ನಾನು ಯಂತ್ರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಎಂಬತ್ತು ಕಿವಿಗಳಿಗೆ ಡಾಕ್ಟರು ದೀಪ ಹಿಡಿದರು, ಎಣ್ಣೆ ಬಿಟ್ಟರು, ಗುಗ್ಗೆ ತೆಗೆದರು. ಏನೂ ಇಲ್ಲದ ಕಿವಿಯನ್ನು ನನಗೋಸ್ಕರ ಒಡ್ಡಿಕೊಂಡು ಕೂತ ಮಕ್ಕಳನ್ನು ನೋಡಿ ಸಿಟ್ಟು ಉಕ್ಕಿತು. ಯಾರ ಮೇಲೆ ಅಂದರೆ, ನನ್ನ ಮೇಲೆ.

ಕೆಲಸ ಮುಗಿಸಿದ ಡಾಕ್ಟರು ನನ್ನ ರುಮಾಲಿನ ಕಡೆ ಕೈ ತೋರಿಸಿ ಏನೋ ಅಂದರು. ಏನಂದರೋ ನನಗೆ ತಿಳಿಯಲಿಲ್ಲ. ಆದರೆ ನಲವತ್ತು ಮಕ್ಕಳೂ ಒಟ್ಟಿಗೆ ಕೊಟ್ಟ ಉತ್ತರ, ಯಂತ್ರವಿಲ್ಲದೆಯೂ, ಒಂದಕ್ಷರ ಬಿಡದೆ ಕೇಳಿಸಿತು:

"ಬ್ಯಾಡ್ರೀ ಸಾರ್! ನಮ್ಮ ಮೇಷ್ಟ್ರಿಗೆ ಚಲೋ ಕೇಳ್ತೈತಿ!"